ಟೀ ಕುಡ್ಕೊಂಡು ಬರ್ತೀನಿ

ನಮ್ಮ ಊರಿನಲ್ಲಿ ನನ್ನ ಅಂಗಡಿಯ ಹೆಸರು ಹೇಳದವರಿಲ್ಲ. ನನ್ನ ಅಂಗಡಿಯಲ್ಲಿ ಕೂತು ಟೀ ಕುಡಿದವರು ಮಾತ್ರ ಬಹಳ ಕಡಿಮೆ. ಬಸ್ ನಿಲ್ದಾಣದ ಎದುರಿಗೇ ಇದೆ ಅಂಗಡಿ. 'ರುದ್ರಣ್ಣನ ಹತ್ರ ಒಂದು ಟೀ ಕುಡ್ಕೊಂಡು ಬರ್ತೀನಿ' ಎಂದು ಹೇಳಿ ಕೆಲಸದಿಂದ ಎದ್ದವರು ಬಿರಬಿರನೆ ಬರುತ್ತಾರೆ, ನನ್ನ ಒಲೆಯ ಕಡೆ ತಿರುಗಿಯೂ ನೋಡದೆ ಮುಂದೆ ಹೋಗುತ್ತಾರೆ, ಹೊಳೆಯಾಚೆಯ ಬಸ್ಸು ಹತ್ತುತ್ತಾರೆ. ಅಷ್ಟೇ, ಆ ಕೆಲಸಕ್ಕೂ ಅವರಿಗೂ ಋಣ ಹರಿಯಿತು. ಸ್ವಲ್ಪ ಹೊತ್ತಿಗೆ ಅವರ ಧಣಿ ಏದುಸಿರು ಬಿಡುತ್ತಾ ಬಂದು, 'ನಮ್ಮವನು ಈ ಕಡೆ ಬಂದಿದ್ನೇನಪ್ಪಾ?' ಎಂದು ಕೇಳುತ್ತಾನೆ. ನಾನು ಬಸ್ಸು ಹೋದ ದಾರಿಯ ಕಡೆ ನೋಡುತ್ತೇನೆ. ಅವನೂ ನೋಡುತ್ತಾನೆ. ನನಗೆ ವ್ಯಾಪಾರ ಅಂತ ಏನಾದರೂ ಆಗುತ್ತಿದ್ದರೆ ಅದು ಈ ಧಣಿಗಳಿಂದಲೇ. ತಲೆಯ ಮೇಲೆ ಕೈಹೊತ್ತು ಕೂತವನಿಗೆ ಒಂದು ಲೋಟ ಬಿಸಿ ಟೀ ಬೇಕೇ ಬೇಕಾಗುತ್ತದೆ.

ಹಾಗಂತ ನಮ್ಮ ಜನ ಮಹಾ ಸುಳ್ಳುಗಾರರು ಎಂದುಕೊಳ್ಳಬೇಡಿ. ನಮ್ಮಲ್ಲಿ ಯಾರಾದರೂ 'ಕೆಲಸ ಬಿಡುತ್ತೇನೆ' ಎಂದು ಬಾಯಿಬಿಟ್ಟು ಹೇಳಿದರೆ, ಆ ಗಳಿಗೆಯಿಂದಲೇ ಅವರ ಕೈಗುಣ ಇಳಿಯಲು ಶುರುವಾಗುತ್ತದೆ. ತಿಂಗಳು ಕಳೆಯುವುದರೊಳಗೆ ಪೂರ್ತಿ ಇಳಿದು, ಅವರ ಜಾಗಕ್ಕೆ ನಿಂತವರ ಕೈ ಸೇರಿಬಿಡುತ್ತದೆ. ಹೇಳದೆ ಹೋದರೆ ಕೈಗುಣವೂ ಜೊತೆಗೇ ಹೋಗುತ್ತದೆ. ಮಿಠಾಯಿ ಅಂಗಡಿಯ ಗಂಗಯ್ಯ ದೊಡ್ಡ ಮನುಷ್ಯನ ಹಾಗೆ ಧಣಿಗೆ ಮುಂಚೆಯೇ ಹೇಳಿ, ಹಾರ ಹಾಕಿಸಿಕೊಂಡು ಕೆಲಸ ಬಿಟ್ಟ. ಈಗ ಸ್ವಂತ ಅಂಗಡಿ ಇಟ್ಟಿದ್ದಾನೆ. ಅವನು ಜಿಲೇಬಿ ಸುತ್ತಲು ಹೋದರೆ ಹಿಟ್ಟು ಎಣ್ಣೆಯೊಳಗೆ ಎರೆಹುಳುವಿನಂತೆ ನೆಟ್ಟಗೆ ಮಲಗಿಬಿಡುತ್ತದೆ. ಹಳೆಯ ಅಂಗಡಿಯಲ್ಲಿ ಮೊನ್ನೆ ಮೊನ್ನೆ ಸೇರಿದವನು ಕಣ್ಣು ಮುಚ್ಚಿಕೊಂಡು ಸುತ್ತುತ್ತಾನೆ. ಇದನ್ನು ಕಣ್ಣಾರೆ ಕಂಡ ಮೇಲೆ ಯಾರು ತಾನೇ ಬಾಯಿ ಬಿಡುತ್ತಾರೆ?

ಧಣಿಗಳೂ ಸುಮ್ಮನೆ ಕೂತಿಲ್ಲ. ಅಂಗಡಿಯೊಳಗೇ ಸ್ಟೋವ್ ಇಟ್ಟು ಹೊತ್ತು ಹೊತ್ತಿಗೆ ಟೀ ಕಾಯಿಸಿ ಕೊಡುತ್ತಾರೆ, ಬೇಡವೆಂದರೂ ಬಿಡುವುದಿಲ್ಲ. ಅದಕ್ಕೆ ಕೆಲಸದವರು ಇನ್ನೊಂದು ಉಪಾಯ ಕಂಡುಕೊಂಡಿದ್ದಾರೆ. ಹೊರಡುವಾಗ ತಮ್ಮ ಕೊಡೆಯನ್ನು ಮೊಳೆಗೆ ತಗುಲಿಸಿಯೇ ಹೋಗುತ್ತಾರೆ. ಕೊಡೆ ಇದೆ, ಹಾಗಾಗಿ ಮನುಷ್ಯ ಬಂದೇ ಬರುತ್ತಾನೆ ಎಂದು ಧಣಿ ನಂಬಬೇಕು. ಹೀಗೆ ಬಿಟ್ಟುಹೋದ ಕೊಡೆಗಳು ನಮ್ಮ ಊರಿನ ಪ್ರತಿ ಅಂಗಡಿಯ ಗೋಡೆಯಲ್ಲೂ ಸಾಲಾಗಿ ನೇತಾಡುತ್ತಿವೆ. ಮಳೆ ಬಂದರೆ ಯಾರು ಬೇಕಾದರೂ ಒಂದನ್ನು ಎತ್ತಿಕೊಂಡು ಹೋಗಬಹುದು.

ಇಂಥ ಊರಿನಲ್ಲಿ ವಿಮಲಾಕ್ಷಿ ಸಿಸ್ಟರು ಪೇಟೆ ಬೀದಿಯ ನಾಗಭೂಷಣ ಡಾಕ್ಟರ ದವಾಖಾನೆಯಲ್ಲಿ ನರ್ಸಾಗಿದ್ದರು. ಅವರ ಕೈಗುಣದ ಬಗ್ಗೆ ಏನು ಹೇಳಲಿ! ಸೂಜಿ ಚುಚ್ಚಿ ತೆಗೆದು ಹತ್ತಿ ಒತ್ತುತ್ತಿರುತ್ತಿದ್ದರು. ನಾವು 'ಇನ್ನೂ ಹಾಕ್ಲಿಲ್ವಾ?' ಎಂದು ಕೇಳುತ್ತಿದ್ದೆವು. ಅವರ ಕೈಯಲ್ಲಿ ಒಂದು ಮಗು ಅತ್ತಿದ್ದನ್ನು ಈ ಊರಿನಲ್ಲಿ ಆಗ ಯಾರೂ ಕಂಡಿರಲಿಲ್ಲ. ಕಾಯಿಲೆ ಇಲ್ಲದಿದ್ದರೂ, ಹಟ ಮಾಡಿ ಅಳುವ ಕೂಸುಗಳನ್ನು ತಾಯಂದಿರು ಎತ್ತಿಕೊಂಡು ಬರುತ್ತಿದ್ದರು. 'ಒಂದು ನಿಮಿಷ ಎತ್ಕೊಳ್ಳಿ ಸಿಸ್ಟರ್' ಎಂದು ಕೊಟ್ಟರೆ ಸಾಕು, ಕೂಸು ಗಪ್‌ಚಿಪ್. ನನಗೆ ಸಕ್ಕರೆ ಕಾಯಿಲೆ. ಟೀ ಅಂಗಡಿಯವನಿಗೆ ಸಕ್ಕರೆ ಕಾಯಿಲೆಯೇ ಎಂದು ನಗಬೇಡಿ, ಊರೆಲ್ಲ ನಕ್ಕಾಗಿದೆ. ದಿನಾ ಬೆಳಿಗ್ಗೆ ಹೊಟ್ಟೆಗೆ ಇನ್ಸುಲಿನ್ ಹಾಕಿಸಿಕೊಳ್ಳಲು ಅವರ ಹತ್ತಿರವೇ ಹೋಗುತ್ತಿದ್ದೆ. ಅವರು ರಜೆ ಹಾಕಿದ ದಿನ ಫಿಲೋಮಿನಾ ಎಂಬ ಇನ್ನೊಬ್ಬ ನರ್ಸು ಹಾಕುತ್ತಿದ್ದಳು. ಒಳ್ಳೆಯ ಹೆಂಗಸು, ಚೆನ್ನಾಗಿ ಕಲಿತವಳು, ಆದರೆ ಕೈ ಒರಟು. ಆ ದಿನ ನಾನು 'ಅಯ್ಯೋ' ಎಂದರೆ ಹೊರಗೆ ಕೂತವರು ಎದ್ದು ಮನೆಗೆ ಹೋಗುತ್ತಿದ್ದರು.

ಒಂದು ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು. ಹೊಳೆಯಾಚೆಯ ಬಸ್ಸು ಬರುವ ಹೊತ್ತು. ಪೇಟೆ ಬೀದಿಯ ಕಡೆಯಿಂದ ವಿಮಲಾಕ್ಷಿ ಸಿಸ್ಟರು ಬರುತ್ತಿರುವುದು ಕಾಣಿಸಿತು. ಕೈಯಲ್ಲಿ ಕೊಡೆ ಇರಲಿಲ್ಲ. ಅಷ್ಟು ಬಿಸಿಲಿನಲ್ಲಿ ಕೊಡೆ ಇಲ್ಲದೆ ಹೊರಟಿದ್ದಾರೆ ಎಂದರೆ ಇನ್ನೇನು ಕೇಳಬೇಕು. ಬಟ್ಟೆ ಅಂಗಡಿಯವರು, ಪಾತ್ರೆ ಅಂಗಡಿಯವರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಲೋಟ ತೊಳೆಯುತ್ತಾ ನಿಂತೆ. ಹೋಗುವವರ ಮುಖ ನೋಡದಿರುವುದು ನನ್ನ ಪದ್ಧತಿ. ನೋಡಿದರೆ ಅವರಿಗೂ ಕಷ್ಟ, ನನಗೂ ಕಷ್ಟ.

ಬೆಂಚು ಕಿರ್ ಎಂದಿತು. ತಲೆ ಎತ್ತಿದರೆ ಸಿಸ್ಟರು ಕೂತಿದ್ದಾರೆ!

"ಒಂದು ಟೀ ಕೊಡಿ ರುದ್ರಣ್ಣ."

"ನಿಜವಾಗ್ಲೂ?" ಎಂದೆ. ವ್ಯಾಪಾರಿಯಾದವನು ಕೇಳುವ ಮಾತಲ್ಲ ಅದು.

"ಹೂಂ. ಸ್ವಲ್ಪ ಸ್ಟ್ರಾಂಗ್ ಇರ್ಲಿ."

ಗಡಿಬಿಡಿಯಲ್ಲಿ ಟೀ ಸೊಪ್ಪು ಎರಡು ಸಲ ಹಾಕಿದೆ, ಹಾಲು ಉಕ್ಕಿಸಿದೆ. ಲೋಟ ತಂದು ಮುಂದಿಟ್ಟಾಗ ಅವರು ಅದನ್ನು ಕುಡಿಯದೆ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ಕೂತರು. ಆಮೇಲೆ ತಾವಾಗಿಯೇ ಹೇಳಲು ಶುರುಮಾಡಿದರು. ಅವರಿಗೂ ಯಾರಿಗಾದರೂ ಹೇಳಿಕೊಳ್ಳಬೇಕಾಗಿತ್ತು ಎಂದು ಕಾಣುತ್ತದೆ.

ಹೊಳೆಯಾಚೆ ಹೊಸ ಆಸ್ಪತ್ರೆ ಶುರುವಾಗಿದ್ದು ನಮಗೆಲ್ಲ ಗೊತ್ತಿತ್ತು. ಅಲ್ಲಿನ ಹೆರಿಗೆ ವಾರ್ಡಿಗೆ ಮುಖ್ಯಸ್ಥೆಯಾಗಿ ಬರಬೇಕೆಂದು ಸಿಸ್ಟರಿಗೆ ಕರೆ ಬಂದಿತ್ತು. ಅವರು ಆಸೆಪಟ್ಟು ಕಲಿತದ್ದು ಹೆರಿಗೆ ಮಾಡಿಸುವುದನ್ನೇ. ಆದರೆ ನಾಗಭೂಷಣ ಡಾಕ್ಟರ ದವಾಖಾನೆಯಲ್ಲಿ ಹೆರಿಗೆಯೇ ಇರಲಿಲ್ಲ. ಬಂದವರಿಗೆಲ್ಲ ಸೂಜಿ, ಮುಲಾಮು, ಪಟ್ಟಿ. ಅಷ್ಟು ವರ್ಷ ಸೂಜಿ ಹಿಡಿದು ನಿಂತು ನಿಂತು ತಲೆಯಲ್ಲಿ ಬೆಳ್ಳಿ ಕೂದಲು ಇಣುಕುತ್ತಿತ್ತು. ಒಂದು ಮಗು ಈ ಲೋಕಕ್ಕೆ ಬರುವಾಗ ತನ್ನ ಕೈ ಅಲ್ಲಿರಬೇಕು, ಒಂದೇ ಒಂದು ಸಲವಾದರೂ ಇರಬೇಕು ಎಂಬ ಆಸೆಯನ್ನು ಅವರು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದರಂತೆ. ಈ ಅವಕಾಶ ತಪ್ಪಿದರೆ ಇನ್ನೊಂದು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೆ ಆಸ್ಪತ್ರೆಯ ಮ್ಯಾನೇಜರ್ ಮುಚ್ಚುಮರೆಯಿಲ್ಲದೆ ಹೇಳಿದ್ದ: "ಕೈಗುಣ ಜೊತೇಲೇ ತಗೊಂಡು ಬನ್ನಿ ಸಿಸ್ಟರ್. ಬರೀ ಕೈಯಲ್ಲಿ ಬರೋ ನರ್ಸುಗಳು ನಮಗೆ ಬೇಕಾದಷ್ಟು ಜನ ಸಿಗ್ತಾರೆ."

ಹೇಳದೆ ಹೋಗಿಬಿಡುವುದೆಂದು ಅವರು ನಿರ್ಧರಿಸಿಯೂ ಆಗಿತ್ತು. ಊರೆಲ್ಲ ಹಾಗೇ ಮಾಡುವಾಗ ತನ್ನದೇನು ಹೆಚ್ಚುಗಾರಿಕೆ? ಆದರೂ ಮನಸ್ಸು ಕೊರೆಯುತ್ತಿತ್ತು. ಏಕೆಂದರೆ ಆ ಕೈಗುಣ ಅವರು ಹುಟ್ಟುವಾಗ ತಂದದ್ದಲ್ಲ. ಅವರು ಕೆಲಸಕ್ಕೆ ಸೇರಿದಾಗ ಅವರ ಕೈ ಫಿಲೋಮಿನಾಳ ಕೈಗಿಂತ ಒರಟಾಗಿತ್ತು. ಆಗ ಅಲ್ಲಿ ಮಲ್ಲಾರಪ್ಪ ಎಂಬ ಕಂಪೌಂಡರ್ ಇದ್ದರು, ಹೂವಿನಂಥ ಕೈ. ಅವರು ತಮ್ಮನ ಸೈಕಲ್ ಅಂಗಡಿಗೆ ಹೋಗಿ ಸೇರಿಕೊಳ್ಳುವಾಗ, ಸಾಮಾನ್ಯವಾಗಿ ಯಾರೂ ಮಾಡದ ಕೆಲಸ ಮಾಡಿದರು. ಡಾಕ್ಟರಿಗೆ ಮುಂಚೆಯೇ ಹೇಳಿದರು. ತಿಂಗಳು ಕಳೆಯುವಷ್ಟರಲ್ಲಿ ಅವರ ಕೈ ವಿಮಲಾಕ್ಷಿಯವರಿಗೆ ಬಂದಿತ್ತು.

ಹಿಂದಿನ ದಿನ ಸಿಸ್ಟರು ಆ ಮಲ್ಲಾರಪ್ಪನವರನ್ನು ಹುಡುಕಿಕೊಂಡು ಸೈಕಲ್ ಅಂಗಡಿಗೆ ಹೋಗಿದ್ದರು. ಮುದುಕರು ಟ್ಯೂಬಿಗೆ ಪ್ಯಾಚು ಹಾಕುತ್ತಾ ಕೂತಿದ್ದರು. ಅವರು ಹಾಕಿದ ಪ್ಯಾಚು ವಾರದೊಳಗೆ ಕಿತ್ತು ಬರುತ್ತದೆ ಎನ್ನುವುದು ಊರಿಗೇ ಗೊತ್ತಿರುವ ಸಂಗತಿ.

"ಅವತ್ತು ನೀವ್ಯಾಕೆ ಹೇಳಿ ಹೋದ್ರಿ?" ಎಂದು ಸಿಸ್ಟರು ಕೇಳಿದರಂತೆ.

"ನಂಗೆ ಟೀ ಕುಡಿಯೋ ಅಭ್ಯಾಸ ಇಲ್ಲ ಕಣಮ್ಮ," ಎಂದರಂತೆ ಮಲ್ಲಾರಪ್ಪ. "ಟೀ ಕುಡ್ಕೊಂಡು ಬರ್ತೀನಿ ಅಂದಿದ್ರೆ ಡಾಕ್ಟ್ರು ನಂಬ್ತಾನೇ ಇರ್ಲಿಲ್ಲ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಸಿಸ್ಟರು, "ಆಮೇಲೆ ಬೇಜಾರಾಗ್ಲಿಲ್ವಾ?" ಎಂದರು.

"ಆಗ್ದೆ ಇರುತ್ತಾ? ಎಷ್ಟೋ ದಿನ ಕೈ ನೋಡ್ಕೊಂಡು ಸುಮ್ನೆ ಕೂತಿರ್ತಿದ್ದೆ. ಆಮೇಲೊಂದಿನ ನಮ್ಮನೆ ಮಗೂಗೆ ಜ್ವರ ಬಂತು, ನಿನ್ನ ಹತ್ರ ಕರ್ಕೊಂಡು ಬಂದೆ. ನೀನು ಸೂಜಿ ಹಾಕಿದ್ರೆ ಮಗು ನಿನ್ನ ಬಳೆ ಜೊತೆ ಆಡ್ತಾ ಇತ್ತು. ನನ್ನ ಕೈ ಬೇರೆಯವ್ರ ಹತ್ರ ನೋಡ್ದಂಗಾಯ್ತು. ಸಂತೋಷ ಆಯ್ತು ಅಂತ ಸುಳ್ಳು ಹೇಳಲ್ಲ, ಹೊಟ್ಟೆ ಉರೀತು. ಆದ್ರೆ ಮಗು ಅಳ್ಲಿಲ್ವಲ್ಲಮ್ಮ." ಅಷ್ಟು ಹೇಳಿ ಮುದುಕರು ಮತ್ತೆ ಪ್ಯಾಚನ್ನು ಸುತ್ತಿಗೆಯಿಂದ ತಟ್ಟತೊಡಗಿದರು. "ನೀನು ಹೇಳು ಅಂತಾನೂ ನಾನು ಹೇಳಲ್ಲ, ಹೇಳ್ಬೇಡ ಅಂತಾನೂ ಹೇಳಲ್ಲ. ನಿನ್ನ ಹೊಟ್ಟೆ ಉರಿ ನೀನೇ ನೋಡ್ಕೋಬೇಕು."

ಮರುದಿನ ದವಾಖಾನೆಗೆ ಹೋಗುವಾಗ ಸಿಸ್ಟರ ಮೊದಲಿನ ನಿರ್ಧಾರ ಸಡಿಲವಾಗಿತ್ತು, ಹೊಸದಾಗಿ ಏನೂ ತೀರ್ಮಾನವಾಗಿರಲಿಲ್ಲ. ಬೆಳಗಿನ ಜನವೆಲ್ಲ ಹೋದ ಮೇಲೆ, ಊಟಕ್ಕೆ ಮನೆಗೆ ಹೋಗುವವರಂತೆ ಕೊಡೆ ಹಿಡಿದುಕೊಂಡೇ ಡಾಕ್ಟರ ಮೇಜಿನ ಮುಂದೆ ನಿಂತರು. ನಾಗಭೂಷಣ ಡಾಕ್ಟರಿಗೆ ಈಚೆಗೆ ಕೈ ನಡುಗುತ್ತದೆ. ಅವರು ಸೂಜಿ ಹಿಡಿದು ಕಾಲವಾಯಿತು. ಸಿಸ್ಟರ ಕೈ ಇರುವುದರಿಂದಲೇ ಆ ದವಾಖಾನೆಯ ಬಾಗಿಲು ತೆರೆದಿದೆ ಎನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

"ಸಾರ್, ನಾನು..." ಎಂದು ಸಿಸ್ಟರು ಬಾಯಿ ತೆರೆದರು.

ಡಾಕ್ಟರು ಥಟ್ಟನೆ ಕೈ ಎತ್ತಿದರು. "ಬೇಡಮ್ಮ. ಆ ಮಾತು ಬಾಯಿಂದ ಆಚೆ ಬಿಡ್ಬೇಡ." ಹೊಸ ಆಸ್ಪತ್ರೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಕುರ್ಚಿಯಿಂದ ಎದ್ದು ಬಂದು ಸಿಸ್ಟರ ಕೈಯಲ್ಲಿದ್ದ ಕೊಡೆಯನ್ನು ತಾವೇ ತೆಗೆದುಕೊಂಡರು. ಗೋಡೆಯ ಮೊಳೆಗೆ ಅದನ್ನು ತಗುಲಿಸಲು ನೋಡಿದರು. ಕೈ ನಡುಗಿ ಕೊಡೆಯ ಹಿಡಿ ಮೊಳೆಗೆ ಸಿಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ ತಗುಲಿಸಿದರು. "ಕೊಡೆ ಇಲ್ಲೇ ಇರ್ಲಿ," ಎಂದರು. "ಹೋಗಿ ಒಂದು ಟೀ ಕುಡ್ಕೊಂಡು ಬಾ."

ಇಷ್ಟು ಹೇಳಿ ಸಿಸ್ಟರು ನಿಲ್ಲಿಸಿದರು. ನಾನು ಅಂಗಡಿ ಇಟ್ಟಾಗಿನಿಂದ ಆ ಮಾತನ್ನು ಸಾವಿರ ಸಲ ಕೇಳಿದ್ದೇನೆ. ಕೆಲಸ ಕೊಟ್ಟವರ ಬಾಯಿಂದ ಬಂದದ್ದನ್ನು ಮಾತ್ರ ಎಂದೂ ಕೇಳಿರಲಿಲ್ಲ.

"ಬೈದಿದ್ರೆ ಹೋಗ್ಬಿಡ್ತಿದ್ದೆ ರುದ್ರಣ್ಣ," ಎಂದರು ಸಿಸ್ಟರು. "ಇಷ್ಟು ವರ್ಷ ಅನ್ನ ಹಾಕಿದ್ದೀನಿ ಅಂತ ಕೂಗಾಡಿದ್ರೂ ಹೋಗ್ಬಿಡ್ತಿದ್ದೆ. ಈಗ ಕಾಲೇ ಬರ್ತಿಲ್ಲ. ಏನ್ ಮಾಡ್ಲಿ ಹೇಳಿ."

"ನನ್ನ ಕೇಳ್ಬೇಡಿ ಸಿಸ್ಟರಮ್ಮ," ಎಂದೆ. "ನಾನು ದಿನಾ ಹೊಟ್ಟೆಗೆ ಸೂಜಿ ಚುಚ್ಚಿಸ್ಕೊಳ್ಳೋನು. ನೀವು ಹೇಳಿ ಹೋದ್ರೆ ಫಿಲೋಮಿನಾ ಕೈ ಹಗುರ ಆಗುತ್ತೆ, ನಾನು ಬಚಾವ್. ಹೇಳ್ದೆ ಹೋದ್ರೆ ನೀವು ಬಚಾವ್. ನನ್ನ ಬಾಯಿಂದ ನ್ಯಾಯ ಹೇಗೆ ಬಂದೀತು?"

ಅವರು ಮೆಲ್ಲಗೆ ನಕ್ಕರು. ಆಮೇಲೆ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಾ, "ಇದು ಹೋದ್ಮೇಲೆ ನನ್ನ ಹತ್ರ ಇನ್ನೇನ್ ಉಳಿಯುತ್ತೆ?" ಎಂದರು.

ಜಾಣನಾಗಿದ್ದರೆ ಏನಾದರೂ ಒಳ್ಳೆಯ ಮಾತು ಹೇಳುತ್ತಿದ್ದೆ. "ಇನ್ನರ್ಧ ಟೀ ಕೊಡ್ಲಾ?" ಎಂದೆ.

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರಿಗೂ ಸುದ್ದಿ ತಲುಪಿತ್ತೋ ಏನೋ, ಬಸ್ಸನ್ನು ನನ್ನ ಅಂಗಡಿಯ ಮುಂದೆಯೇ ನಿಲ್ಲಿಸಿ ಬಾಗಿಲು ತೆರೆದು ಹಿಡಿದ. "ಬರ್ತೀರಾ ಸಿಸ್ಟರ್? ಮುಂದಿನ ಸೀಟು ಖಾಲಿ ಇದೆ." ಸಿಸ್ಟರು ಬಸ್ಸಿನ ಕಡೆ ನೋಡಿದರು. ಲೋಟದಲ್ಲಿ ಉಳಿದಿದ್ದ ಟೀಯನ್ನು ಪೂರ್ತಿ ಕುಡಿದರು, ತಳದ ಸೊಪ್ಪು ಬಾಯಿಗೆ ಬರುವವರೆಗೆ. ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡು ಎದ್ದು ನಿಂತರು.

"ಬಿಸಿಲು ಜಾಸ್ತಿ ಇದೆ," ಎಂದರು. "ನನ್ನ ಕೊಡೆ ಅಲ್ಲೇ ಉಳೀತು. ತಗೊಂಡು ಬರ್ತೀನಿ."

ಹಾಗೆಂದವರೇ ಪೇಟೆ ಬೀದಿಯ ಕಡೆ ತಿರುಗಿ ನಡೆದರು. ಟೀ ಕುಡಿಯಲು ಹೋದವರು ವಾಪಸು ಬರುವುದನ್ನು ನಮ್ಮ ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಬಟ್ಟೆ ಅಂಗಡಿಯವರು ಅಳೆಯುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತರು. ಪಾತ್ರೆ ಅಂಗಡಿಯವರು ಕೈಮುಗಿದೇಬಿಟ್ಟರು, ಯಾಕೆಂದು ಅವರಿಗೇ ಗೊತ್ತಿರಲಿಕ್ಕಿಲ್ಲ. ನಾನು ಒಲೆಯ ಮೇಲಿನ ಹಾಲನ್ನೂ ಮರೆತು ಅವರ ಹಿಂದೆಯೇ ದವಾಖಾನೆಯ ಬಾಗಿಲವರೆಗೆ ಹೋದೆ.

ಸಿಸ್ಟರು ಒಳಗೆ ಹೋಗಿ ಮೊದಲು ಗೋಡೆಯಿಂದ ಕೊಡೆ ತೆಗೆದುಕೊಂಡರು. ಆಮೇಲೆ ಡಾಕ್ಟರ ಮುಂದೆ ನಿಂತು, ಬೀದಿಗೆಲ್ಲ ಕೇಳುವಂತೆ ಹೇಳಿದರು: "ಸಾರ್, ನಾನು ಕೆಲಸ ಬಿಡ್ತಿದ್ದೀನಿ. ಇನ್ನೊಂದು ತಿಂಗಳು ಇರ್ತೀನಿ. ಫಿಲೋಮಿನಾ ನನ್ನ ಜೊತೆ ನಿಂತ್ಕೊಳ್ಳಲಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ದಡ್ಡಿ," ಎಂದರು. ಅವರ ದನಿಯೂ ಕೈಯ ಹಾಗೆಯೇ ನಡುಗುತ್ತಿತ್ತು.

ಆ ತಿಂಗಳು ನೋಡಲಾಗದಂಥದ್ದು. ದಿನ ಕಳೆದಂತೆ ಫಿಲೋಮಿನಾಳ ಕೈ ಹಗುರವಾಗುತ್ತಾ ಬಂತು, ಸಿಸ್ಟರ ಕೈ ಭಾರವಾಗುತ್ತಾ ಹೋಯಿತು. ನನಗೆ ಒಂದು ದಿನ ಇರುವೆ ಕಚ್ಚಿದಂತಾಯಿತು, ಮತ್ತೊಂದು ದಿನ ಗೊದ್ದ. ಒಂದು ಬೆಳಿಗ್ಗೆ ಅಗಸರ ಮನೆಯ ಪುಟ್ಟ ಹುಡುಗಿಗೆ ಸಿಸ್ಟರು ಸೂಜಿ ಹಾಕುತ್ತಿದ್ದಂತೆ ಮಗು ಚಿಟ್ಟನೆ ಚೀರಿತು. ಕೂತವರೆಲ್ಲ ಗಾಬರಿಯಾಗಿ ಎದ್ದು ನಿಂತರು. ಮಗುವಿನ ತಾಯಿ ಸಿಸ್ಟರನ್ನು ನೋಡಿದ ನೋಟ ನನಗೆ ಮರೆಯುವುದಿಲ್ಲ. ಸಿಸ್ಟರು ಸೂಜಿಯನ್ನು ಫಿಲೋಮಿನಾಳ ಕೈಗೆ ಕೊಟ್ಟು ಹಿಂದಿನ ಕೋಣೆಗೆ ಹೋದರು. ಅವರು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಆಮೇಲಿನಿಂದ ಫಿಲೋಮಿನಾ ಸೂಜಿ ಹಾಕುತ್ತಿದ್ದಳು. ಸಿಸ್ಟರು ಹತ್ತಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಕೊನೆಯ ದಿನ ಡಾಕ್ಟರು ಬಸ್ಸಿನವರೆಗೆ ಬಂದು ಬೀಳ್ಕೊಟ್ಟರು. ಸಿಸ್ಟರು ಕೊಡೆ ಬಿಡಿಸಿಕೊಂಡೇ ಬಸ್ಸು ಹತ್ತಲು ಹೋಗಿ ಬಾಗಿಲಿನಲ್ಲಿ ಸಿಕ್ಕಿಹಾಕಿಕೊಂಡರು. ಅಳುವವರೂ ನಕ್ಕರು.

ಹೊಸ ಆಸ್ಪತ್ರೆಯವರು ಬರಿಗೈಯಲ್ಲಿ ಬಂದವರನ್ನು ಮುಖ್ಯಸ್ಥೆ ಮಾಡಲಿಲ್ಲ. ಬೇಕಾದರೆ ಸಾಮಾನ್ಯ ನರ್ಸಾಗಿ ಇರಿ ಎಂದರು. ತನಗಿಂತ ಎಷ್ಟೋ ಚಿಕ್ಕವಳ ಕೈಕೆಳಗೆ, ಹೆರಿಗೆ ವಾರ್ಡಿನ ಬಟ್ಟೆ ಪಾತ್ರೆ ಒಪ್ಪ ಮಾಡುವ ಕೆಲಸದಿಂದ ಸಿಸ್ಟರು ಶುರುಮಾಡಿದರಂತೆ. ಈ ಸುದ್ದಿ ಕೇಳಿದ ದಿನ ನನಗೆ ಅವತ್ತಿನ ಆ ಟೀಯನ್ನು ಯಾಕಾದರೂ ಕೊಟ್ಟೆನೋ ಅನ್ನಿಸಿತು. ಫಿಲೋಮಿನಾ ಸೂಜಿ ಹಾಕಿದ್ದು ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಗದೆ ಇದ್ದದ್ದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಮುಂದಿನ ವರ್ಷ ನನ್ನ ಮಗಳು ನೀಲಾಂಬಿಕೆಗೆ ದಿನ ತುಂಬಿತು. ಹೆರಿಗೆಗೆ ಹೊಳೆಯಾಚೆಗೇ ಹೋಗಬೇಕು. ಬೆಳಿಗ್ಗೆಯ ಮೊದಲ ಬಸ್ಸಿಗೆ ಕರೆದುಕೊಂಡು ಹೋದೆ. ಬಟ್ಟೆ ಪಾತ್ರೆಯ ಕೆಲಸ ದಾಟಿ ಹೆರಿಗೆ ಕೋಣೆಗೆ ಬಂದಿದ್ದ ವಿಮಲಾಕ್ಷಿ ಸಿಸ್ಟರೇ ವಾರ್ಡಿನ ಬಾಗಿಲಿನಲ್ಲಿ ನಿಂತಿದ್ದರು. ಮಗಳನ್ನು ಒಳಗೆ ಮಲಗಿಸಿ ಹೊರಗೆ ಬಂದವರು ನನ್ನ ಮುಖ ನೋಡಿ, "ಇವತ್ತಿನ ಇನ್ಸುಲಿನ್ ಆಯ್ತಾ?" ಎಂದರು. ಗಡಿಬಿಡಿಯಲ್ಲಿ ಎಲ್ಲಿ ಆಗಬೇಕು? ಬೆಂಚಿನ ಮೇಲೆ ಕೂರಿಸಿ ಅವರೇ ಹಾಕಿದರು. ಚುರ್ ಎಂದಿತು. ಅವರಿಗೆ ಕಾಣಬಾರದೆಂದು ಹಲ್ಲು ಕಚ್ಚಿಕೊಂಡೆ.

"ನೋವಾಯ್ತಾ ರುದ್ರಣ್ಣ?" ಎಂದು ಕೇಳಿದರು. ಅಷ್ಟು ವರ್ಷ ದಿನಾ ಅವರ ಕೈಯಿಂದ ಹಾಕಿಸಿಕೊಂಡಿದ್ದೆ. ಒಂದು ದಿನವೂ ಹಾಗೆ ಕೇಳಿರಲಿಲ್ಲ. ಕೈಗುಣ ಇದ್ದಷ್ಟು ದಿನ ಕೇಳುವ ಪ್ರಸಂಗವೇ ಬಂದಿರಲಿಲ್ಲ.

"ಸ್ವಲ್ಪ," ಎಂದೆ. ಅವರು ಹತ್ತಿಯನ್ನು ಒತ್ತಿ ಹಿಡಿದುಕೊಂಡು ನೋವು ಇಳಿಯುವವರೆಗೆ ಪಕ್ಕದಲ್ಲೇ ಕೂತರು. ಆಮೇಲೆ ಒಳಗೆ ಹೋದರು. ಬಾಗಿಲು ಮುಚ್ಚಿತು.

ನಾನು ಕಾಯುತ್ತಾ ಕೂತೆ. ಒಳಗೆ ಮಗಳ ನರಳಾಟ, ಸಿಸ್ಟರು ಧೈರ್ಯ ಹೇಳುವ ದನಿ. ಆಮೇಲೆ ಎಲ್ಲ ಒಮ್ಮೆಗೇ ಸ್ತಬ್ಧವಾಯಿತು. ಆಗ ಒಂದು ಯೋಚನೆ ತಲೆಗೆ ಹೊಕ್ಕಿತು. ಆ ಕೈಯಲ್ಲಿ ಮಕ್ಕಳು ಅಳುವುದಿಲ್ಲ ಎಂದೇ ಅಲ್ಲವೇ ಇಡೀ ಊರು ಕೊಂಡಾಡಿದ್ದು? ಈಗ ತಾನೇ ಹುಟ್ಟಿದ ಮಗು ಅತ್ತರೆ ತಾನೇ ಉಸಿರು; ಆ ಹಳೆಯ ಗುಣ ಕೈಯಲ್ಲಿ ಒಂದಿಷ್ಟು ಉಳಿದುಕೊಂಡಿದ್ದು, ಮಗು ಅಳದಿದ್ದರೆ ಏನು ಗತಿ? ಕೈಗುಣ ತೆಗೆದುಕೊಂಡೇ ಬನ್ನಿ ಎಂದ ಮ್ಯಾನೇಜರಿಗೂ ಇದು ಹೊಳೆದಿರಲಿಲ್ಲ, ಉಳಿದ ನಮಗೂ ಹೊಳೆದಿರಲಿಲ್ಲ. ಎದ್ದು ಹೋಗಿ ಬಾಗಿಲಿಗೆ ಕಿವಿಯಿಟ್ಟು ನಿಂತೆ.

ಮಗು ಕಿಟಾರನೆ ಕಿರುಚಿತು. ಅಬ್ಬ, ಎಂಥ ಅಳು! ಇಡೀ ಆಸ್ಪತ್ರೆಗೆ ಕೇಳುವ ಹಾಗೆ.

ಬಾಗಿಲು ತೆರೆದು ಸಿಸ್ಟರು ಮಗುವನ್ನು ಎತ್ತಿಕೊಂಡು ಬಂದರು. ಅವರ ಕೈಯಲ್ಲಿ ಅದು ಮುಷ್ಟಿ ಕಟ್ಟಿಕೊಂಡು, ಮುಖ ಕೆಂಪಗೆ ಮಾಡಿಕೊಂಡು ಅಳುತ್ತಲೇ ಇತ್ತು. "ನೋಡಿ ರುದ್ರಣ್ಣ, ನನ್ನ ಕೈಯಲ್ಲಿ ಹೇಗೆ ಅಳ್ತಾಳೆ," ಎಂದರು. ಅವರ ಕಣ್ಣಲ್ಲೂ ನೀರು ಧಾರಾಕಾರ. ನಾನು ಮೊಮ್ಮಗಳ ಕಾಲು ಮುಟ್ಟಿದೆ, ಇನ್ನೂ ಜೋರಾಗಿ ಅತ್ತಳು. ಅವಳನ್ನು ಸುಮ್ಮನಾಗಿಸಲು ನಾವಿಬ್ಬರೂ ಪ್ರಯತ್ನಿಸಲಿಲ್ಲ.